ಅಣ್ಣನ ಸಹಿ ಬೇಡದ ಸಾಲ

ಜನವರಿ ೯

ಪ್ರೀತಿಯ ಅತ್ತಿಗೆಗೆ,

ನಾನು ಕಾಗದ ಬರೆದಿದ್ದೇನೆ ಅಂದರೆ ಏನೋ ಕೆಲಸ ಆಗಬೇಕಿದೆ ಅಂತ ಲಕೋಟೆ ನೋಡಿದಾಗಲೇ ನಿಮಗೆ ಗೊತ್ತಾಗಿರುತ್ತದೆ. ಹೌದು, ಆಗಬೇಕಿದೆ. ಫೋನಿನಲ್ಲಿ ಹೇಳೋಣವೆಂದರೆ ನೀವು ಫೋನು ಎತ್ತಿದ ಕೂಡಲೇ ಅಣ್ಣ ಪಕ್ಕಕ್ಕೆ ಬಂದು ಕೂತು "ಸ್ಪೀಕರಿಗೆ ಹಾಕು, ಸ್ಪೀಕರಿಗೆ ಹಾಕು" ಅನ್ನುತ್ತಾನೆ. ಆಮೇಲೆ ಮಾತಾಡುವವನು ಅವನೊಬ್ಬನೇ. ನಿಮ್ಮ ದನಿ ಕೇಳಿ ಎಷ್ಟು ಕಾಲವಾಯಿತೋ!

ಮೊದಲು ಸಂತೋಷದ ಸುದ್ದಿ. ಹನ್ನೊಂದು ಶಾಖೆಗಳಿರುವ ಒಂದು ಬೇಕರಿಯವರಿಗೆ ನನ್ನ ರಟ್ಟಿನ ಡಬ್ಬಿ ಹಿಡಿಸಿಬಿಟ್ಟಿದೆ. ಮೇ ಒಂದರಿಂದ ತಿಂಗಳಿಗೆ ಇಪ್ಪತ್ತು ಸಾವಿರ ಕೇಕಿನ ಡಬ್ಬಿ ಬೇಕಂತೆ. ಮಾತು ಕೇಳಿ ನಾನು ಬಹಳ ಗಂಭೀರವಾಗಿ "ನೋಡೋಣ" ಅಂದೆ. ಹೊರಗೆ ಬಂದು ರಸ್ತೆಯಲ್ಲೇ ಕುಣಿದೆ.

ಈಗ ಕಷ್ಟದ ಸುದ್ದಿ. ನಾವು ಆರು ಜನ ಹೆಂಗಸರು ಉಕ್ಕಿನ ಪಟ್ಟಿ ಇಟ್ಟು ಚಾಕುವಿನಲ್ಲಿ ಕತ್ತರಿಸಿದರೆ ತಿಂಗಳಿಗೆ ಐದು ಸಾವಿರ ಡಬ್ಬಿ ಆಗುವುದೂ ಅನುಮಾನ. ಒಂದೇ ಏಟಿಗೆ ರಟ್ಟನ್ನು ಕತ್ತರಿಸಿ ಮಡಿಚುವ ಗೆರೆಯನ್ನೂ ಒತ್ತುವ ಮಷೀನು ಬೇಕು. ಅದಕ್ಕೆ ಬ್ಯಾಂಕಿನ ಸಾಲ ಬೇಕು. ಚಪ್ಪಲಿ ಅಂಗಡಿಯವರೆಲ್ಲ ಪ್ಲಾಸ್ಟಿಕ್ ಚೀಲಕ್ಕೆ ಹೋದ ಮೇಲೆ ನನ್ನ ವ್ಯಾಪಾರ ಕುಂಟುತ್ತಿದೆ, ನಿಮಗೊಬ್ಬರಿಗೇ ಹೇಳುತ್ತಿದ್ದೇನೆ. ಈ ಆರ್ಡರು ಕೈಬಿಟ್ಟರೆ ಈ ವರ್ಷವೇ ಬಾಗಿಲು ಹಾಕಬೇಕು. ಒಂಬತ್ತು ವರ್ಷದಿಂದ ನನ್ನ ಜೊತೆ ಅಂಟು ಹಚ್ಚುತ್ತಿರುವ ಗೋಂದಕ್ಕನಿಗೆ ಈ ವಯಸ್ಸಿನಲ್ಲಿ ಇನ್ನೆಲ್ಲಿ ಕೆಲಸ ಸಿಗುತ್ತದೆ?

ಬ್ಯಾಂಕಿಗೆ ಹೋದೆ. ಸಾಲದ ಮೇಜಿನವರು ಅರ್ಜಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಯಜಮಾನ್ರ ಸಹಿ ಎಲ್ಲಮ್ಮಾ?"

"ಯಜಮಾನ್ರು ಇಲ್ಲ ಸಾರ್."

"ಅಯ್ಯೋ. ತೀರ್ಕೊಂಡ್ರಾ?"

"ಇನ್ನೂ ಹುಟ್ಟೇ ಇಲ್ಲ ಅನ್ಸುತ್ತೆ."

ಅವರು ನಗಲಿಲ್ಲ. "ಹಾಗಾದ್ರೆ ಅಣ್ಣನೋ ತಮ್ಮನೋ, ಯಾರಾದ್ರೂ ಗಂಡಸರ ಜಾಮೀನು ತನ್ನಿ" ಅಂದರು. ಸಾಲಕ್ಕೋಸ್ಕರ ಮೂವತ್ತೆಂಟನೇ ವಯಸ್ಸಿನಲ್ಲಿ ಮದುವೆ ಆಗಲಿಕ್ಕಾಗುತ್ತದೆಯೇ? ಅದಕ್ಕೇ ಅಣ್ಣನ ಸಹಿಗಾಗಿ ಫಾರಂ ಲಗತ್ತಿಸಿದ್ದೇನೆ. ಅವನು ಊಟ ಮಾಡಿ ಖುಷಿಯಾಗಿರುವಾಗ ಮುಂದಿಡಿ.

ನಿಮ್ಮ ನಾದಿನಿ


ಜನವರಿ ೨೦

ಪ್ರೀತಿಯ ಚೂಟಿ,

ನಿನ್ನ ಕಾಗದ ಓದಿ ಒಬ್ಬಳೇ ಅಡುಗೆಮನೆಯಲ್ಲಿ ನಿಂತು ನಕ್ಕೆ. "ಇನ್ನೂ ಹುಟ್ಟೇ ಇಲ್ಲ" ಅಂದೆಯಾ? ನಿನ್ನ ನಾಲಿಗೆಗೆ ಬೇರೆ ಜಾಮೀನು ಬೇಕು ಕಣೇ.

ಇಪ್ಪತ್ತು ಸಾವಿರ ಡಬ್ಬಿ! ನನಗಂತೂ ಹೆಮ್ಮೆಯಿಂದ ಎದೆ ತುಂಬಿ ಬಂತು. ಒಲೆಯ ಪಕ್ಕ ಒಂದು ಹಳೇ ಷೂ ಡಬ್ಬಿಯಿಟ್ಟುಕೊಂಡು ಅಂಟು ಹಚ್ಚುವುದನ್ನು ಅಭ್ಯಾಸ ಮಾಡುತ್ತಿದ್ದವಳು ನೀನೇ ಅಲ್ಲವೇ?

ಫಾರಂ ತಲುಪಿದೆ, ಜೋಪಾನವಾಗಿದೆ. ನಿಮ್ಮಣ್ಣನಿಗೆ ಈಗ ಬಿಡುವಿಲ್ಲ. ಅಂಗಡಿಗೆ ಹೊಸ ನಲ್ಲಿಗಳ ಸರಕು ಬಂದಿದೆ. ಮನೆಗೆ ಬಂದರೂ ನಲ್ಲಿ, ನಿದ್ದೆಯಲ್ಲೂ ನಲ್ಲಿ. ಸ್ವಲ್ಪ ತಡೆ.

ಒಂದು ಮಾತು ಕೇಳುತ್ತೇನೆ. ಗಂಡಸಿನ ಸಹಿಯೇ ಆಗಬೇಕು ಅಂತ ಎಲ್ಲಿ ಬರೆದಿದೆ ಎಂದು ಆ ಮೇಜಿನವರನ್ನು ಕೇಳಿದೆಯಾ? ಸುಮ್ಮನೆ ಕೇಳಿದೆ.

ನಿನ್ನ ಅತ್ತಿಗೆ


ಫೆಬ್ರವರಿ ೧

ಅತ್ತಿಗೆ,

ಎಲ್ಲಿ ಬರೆದಿದೆ ಅಂತ ಕೇಳಿಕೊಂಡು ಕೂರಲು ನನಗೆ ಪುರುಸೊತ್ತಿಲ್ಲ. ಅಣ್ಣ ಇದ್ದಾನೆ, ಪೆನ್ನು ಇದೆ, ಮುಗಿಯಿತಲ್ಲ. ನಲ್ಲಿ ತಿರುಗಿಸುವ ಕೈಗೆ ಒಂದು ಸಹಿ ಹಾಕಲು ಎಷ್ಟು ಹೊತ್ತು ಬೇಕು?

ಸಹಿ ಬರುವಷ್ಟರಲ್ಲಿ ತಪಾಸಣೆ ಮುಗಿಸಿಬಿಡೋಣ ಅಂತ ಬ್ಯಾಂಕಿನವರು ಒಪ್ಪಿದ್ದಾರೆ. ಹನ್ನೆರಡನೇ ತಾರೀಕು ಒಬ್ಬ ಅಧಿಕಾರಿ ನಮ್ಮ ಜಾಗ ನೋಡಲು ಬರುತ್ತಾರೆ. ಇಲ್ಲಿ ಸಂಭ್ರಮವೋ ಸಂಭ್ರಮ. ಗೋಂದಕ್ಕ ಈಗಾಗಲೇ ಕಿಟಕಿ ಉಜ್ಜಲು ಶುರು ಮಾಡಿದ್ದಾಳೆ. ಆ ಕಿಟಕಿಗೆ ಗಾಜಿದೆ ಅನ್ನುವುದೇ ನನಗೆ ಮರೆತುಹೋಗಿತ್ತು.

ದಯವಿಟ್ಟು ಬೇಗ.

ನಾದಿನಿ


ಫೆಬ್ರವರಿ ೧೦

ಚೂಟಿ,

ನಿಮ್ಮಣ್ಣ ಸರಕಿಗೆಂದು ಬೇರೆ ಊರಿಗೆ ಹೋಗಿದ್ದಾರೆ. ಬಂದ ಮೇಲೆ ನೋಡುತ್ತೇನೆ.

ಈ ನಡುವೆ ನಾನೊಂದು ಸಾಹಸ ಮಾಡಿದೆ. ತರಕಾರಿ ಚೀಲ ಹಿಡಿದುಕೊಂಡೇ ನಿನ್ನ ಬ್ಯಾಂಕಿನ ಇಲ್ಲಿನ ಶಾಖೆಗೆ ಹೋಗಿ, ಸಣ್ಣ ಉದ್ಯಮದ ಸಾಲದ ನಿಯಮಗಳ ಪುಸ್ತಕ ಕೊಡಿ ಅಂದೆ. ಕೌಂಟರಿನವರು ನನ್ನನ್ನೂ ನೋಡಿದರು, ಚೀಲದ ಸೋರೆಕಾಯಿಯನ್ನೂ ನೋಡಿದರು. ಪುಸ್ತಕ ಕೊಟ್ಟರು. ಇಪ್ಪತ್ತೆಂಟು ಪುಟ, ಇರುವೆ ಸಾಲಿನಂಥ ಅಕ್ಷರ. ದಿನಕ್ಕೆ ಎರಡು ಪುಟ ಓದುತ್ತಿದ್ದೇನೆ. ಐದನೇ ಪುಟದವರೆಗೆ ಏನೂ ಅರ್ಥವಾಗಲಿಲ್ಲ. ಆರರಿಂದ ಮಜಾ ಬರುತ್ತಿದೆ.

ತಪಾಸಣೆಯ ದಿನ ಧೈರ್ಯವಾಗಿರು. ಇರುವುದನ್ನು ಇರುವ ಹಾಗೆ ತೋರಿಸು.

ಅತ್ತಿಗೆ


ಫೆಬ್ರವರಿ ೧೪

ಅತ್ತಿಗೆ,

ತಪಾಸಣೆ ಬಹಳ ಚೆನ್ನಾಗಿ ಆಯಿತು! ಬಂದವರು ಬಾಗಿಲಿಗೆ ತಲೆ ತಗುಲುವಷ್ಟು ಉದ್ದದ ಮನುಷ್ಯ, ಮೃದು ಮಾತು. ಎರಡು ಲೋಟ ಚಹಾ ಕುಡಿದರು. "ಇಷ್ಟು ಚೊಕ್ಕಟವಾದ ಜಾಗ ನಾನು ಇದುವರೆಗೂ ನೋಡಿಲ್ಲಮ್ಮಾ" ಅಂದರು. ಗೋಂದಕ್ಕ ಅಲ್ಲೇ ಕಣ್ಣೊರೆಸಿಕೊಂಡಳು.

ಇನ್ನು ಬಾಕಿ ಇರುವುದು ಅಣ್ಣನ ಸಹಿ ಮಾತ್ರ. ಅವನು ವಾಪಸು ಬಂದಿರಬೇಕಲ್ಲ? ಪುಸ್ತಕ ಆಮೇಲೆ ಓದಿಕೊಳ್ಳಿ. ಮೊದಲು ಫಾರಂ ಕಳಿಸಿ.

ನಾದಿನಿ


ಮಾರ್ಚ್ ೩

ಅತ್ತಿಗೆಯವರಿಗೆ,

ಮೊನ್ನೆ ಅಣ್ಣನ ಅಂಗಡಿಗೆ ನೇರವಾಗಿ ಫೋನು ಮಾಡಿದೆ. "ಅತ್ತಿಗೆ ಕಾಗದ ತೋರಿಸಿದ್ರಾ?" ಅಂತ ಕೇಳಿದೆ. "ಯಾವ ಕಾಗದ?" ಅಂದ. ಊರು ಬಿಟ್ಟು ಎಲ್ಲಾದರೂ ಹೋಗಿದ್ದೆಯಾ ಅಂದರೆ, ಮೂರು ತಿಂಗಳಿಂದ ಕದಲಿಲ್ಲ ಅಂದ. ನಿಮ್ಮ ಮಾನ ಹೋಗಬಾರದೆಂದು, ಏನಿಲ್ಲ, ಡಬ್ಬಿಯ ನಮೂನೆ ಕಳಿಸಿದ್ದೆ ಅಂತ ಸುಳ್ಳು ಹೇಳಿ ಫೋನಿಟ್ಟೆ.

ಎಂಟು ವಾರ ನನ್ನನ್ನು ಬಾಗಿಲಲ್ಲಿ ನಿಲ್ಲಿಸಿ ಕಾಯಿಸಿದಿರಿ. ಇಷ್ಟವಿಲ್ಲದಿದ್ದರೆ ಮೊದಲ ದಿನವೇ ಆಗುವುದಿಲ್ಲ ಅನ್ನಬಹುದಿತ್ತು. ನಿಮ್ಮ ಗಂಡನ ಸಹಿ ನನ್ನ ಫಾರಂ ಮೇಲೆ ಬಿದ್ದರೆ ಸವೆದುಹೋಗುತ್ತದೆಯೇ?

ಬ್ಯಾಂಕಿನವರು ಸಾಲ ಇಲ್ಲವೆಂದು ಪತ್ರ ಕಳಿಸಿದ್ದಾರೆ. ನಿಮಗೆ ಈಗ ನೆಮ್ಮದಿಯಾಗಿರಬಹುದು.

ಕಣ್ಣು ನೋವು ಅಂತ ಹೊಲಿಗೆ ಅಂಗಡಿಯನ್ನು ಅರ್ಧಕ್ಕೆ ಬಿಟ್ಟು ಕೈ ತೊಳೆದುಕೊಂಡವರು ನೀವು. ಆರು ಜನರ ಜೀವನ ನಡೆಯುವ ಜಾಗ ಅಂದರೆ ಏನೆಂದು ನಿಮಗೆ ಹೇಗೆ ಗೊತ್ತಾಗಬೇಕು? ನಾನು ನಿಮ್ಮ ಹಾಗೆ ಅರ್ಧಕ್ಕೆ ಬಿಡುವವಳಲ್ಲ.


ಮಾರ್ಚ್ ೯

ಚೂಟಿ,

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಮೊದಲ ಸಲ ಅತ್ತೆ. ಎರಡನೇ ಸಲ ಸಿಟ್ಟು ಬಂತು. ಮೂರನೇ ಸಲ, ಇವಳು ಹೇಳುವುದರಲ್ಲೂ ತಪ್ಪಿಲ್ಲವಲ್ಲ ಅನ್ನಿಸಿತು. ನಾಲ್ಕನೇ ಸಲ ಪೆನ್ನು ಹುಡುಕಿದೆ.

ನಾನು ಸುಳ್ಳು ಹೇಳಿದ್ದು ನಿಜ. ನಿನ್ನ ಫಾರಮ್ಮನ್ನು ನಿಮ್ಮಣ್ಣನಿಗೆ ತೋರಿಸಲಿಲ್ಲ. ತೋರಿಸಿದ್ದರೆ ಅವರು ಒಂದು ನಿಮಿಷದಲ್ಲಿ ಸಹಿ ಹಾಕುತ್ತಿದ್ದರು. ನನಗೆ ಹೆದರಿಕೆ ಆದದ್ದೇ ಅದಕ್ಕೆ.

ನನ್ನ ಅಂಗಡಿಯ ಕತೆ ನಿನಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ನಾಲ್ಕು ಹೊಲಿಗೆ ಮಷೀನಿಗೆ ಸಾಲ ತೆಗೆದಾಗ ನಿಮ್ಮಣ್ಣನೇ ಜಾಮೀನು ಹಾಕಿದರು. ಎಷ್ಟು ಖುಷಿಯಿಂದ ಹಾಕಿದರೆಂದರೆ, ಮರುದಿನದಿಂದಲೇ ಅಂಗಡಿಗೆ ಬಂದು ಗಲ್ಲಾದಲ್ಲಿ ಕೂತರು. "ನೀನು ಹೊಲಿ, ದುಡ್ಡಿನ ತಲೆನೋವು ನನಗಿರಲಿ" ಅಂದರು. ಪ್ರೀತಿಯಿಂದಲೇ ಅಂದರು ಕಣೇ. ಆದರೆ ಬಾಗಿಲಿಗೆ ಎದುರಾಗಿ ಒಬ್ಬ ಗಂಡಸು ಕೂತಿದ್ದರೆ ಅಳತೆ ಕೊಡಲು ಯಾವ ಹೆಂಗಸು ಒಳಗೆ ಬರುತ್ತಾಳೆ? ಬಾಗಿಲವರೆಗೆ ಬಂದು, ಅವರನ್ನು ನೋಡಿ, "ಆಮೇಲೆ ಬರ್ತೀನಿ" ಅಂತ ಹೋಗುತ್ತಿದ್ದರು. ಆಮೇಲೆ ಯಾರೂ ಬರುತ್ತಿರಲಿಲ್ಲ. ಇವರು ಎದ್ದು ನಿಂತು, "ಬನ್ನಿ ಬನ್ನಿ, ನಮ್ಮದೇ ಅಂಗಡಿ" ಅಂತ ಇನ್ನೂ ಜೋರಾಗಿ ಕರೆಯುತ್ತಿದ್ದರು. ಆ ಹೆಂಗಸರು ಇನ್ನೂ ಬೇಗ ಹೋಗುತ್ತಿದ್ದರು.

ಗಿರಾಕಿ ಕಮ್ಮಿಯಾದರು. ಜಾಗ ಖಾಲಿ ಇದೆಯಲ್ಲ ಅಂತ ಇವರು ಮೂಲೆಯಲ್ಲಿ ಎರಡು ಡಜನ್ ನಲ್ಲಿ ಇಟ್ಟರು. ನಲ್ಲಿ ಮಾರಾಟವಾಯಿತು. ಆಮೇಲೆ ಪೈಪು ಬಂತು. ವರ್ಷ ತುಂಬುವಷ್ಟರಲ್ಲಿ ನನ್ನ ನಾಲ್ಕು ಮಷೀನು ಅಟ್ಟ ಹತ್ತಿದವು, ಬೋರ್ಡು ಬದಲಾಯಿತು. ಸಾಲವನ್ನು ಅವರೇ ತೀರಿಸಿದರು, ಅದನ್ನೂ ಹೇಳಬೇಕು. ನೆಂಟರು ಕೇಳಿದಾಗ ಕಣ್ಣು ನೋವು ಅಂದೆ. ನನ್ನ ಕಣ್ಣು ಈಗಲೂ ಸೂಜಿಗೆ ಕತ್ತಲಲ್ಲಿ ದಾರ ಪೋಣಿಸುತ್ತದೆ.

ನಿನ್ನ ಫಾರಂ ನೋಡಿದಾಗ ನನಗೆ ಕಂಡದ್ದು, ನಿಮ್ಮಣ್ಣ ನಿನ್ನ ಕತ್ತರಿಸುವ ಮೇಜಿನ ಹಿಂದೆ ಕೂತು ಬೇಕರಿಯವರಿಗೆ ನಲ್ಲಿ ಮಾರುತ್ತಿರುವುದು. ಅದನ್ನು ಮೊದಲೇ ಹೇಳಬಹುದಿತ್ತು. ಹೇಳಿದರೆ ನಿಮ್ಮಣ್ಣನನ್ನು ದೂರಿದ ಹಾಗಾಗುತ್ತದೆ ಅಂತ ಬಾಯಿ ಬಿಗಿದುಕೊಂಡೆ. ಎಂಟು ವಾರ ನಿನ್ನನ್ನು ಕಾಯಿಸಿದ್ದು ದೊಡ್ಡ ತಪ್ಪು. ಕ್ಷಮಿಸು.

ಪುಸ್ತಕ ಮುಗಿಸಿದ್ದೇನೆ. ಹತ್ತೊಂಬತ್ತನೇ ಪುಟದಲ್ಲಿದೆ ನೋಡು: ಸ್ವಂತ ಆದಾಯವಿರುವ ವಯಸ್ಕರು ಯಾರು ಬೇಕಾದರೂ ಜಾಮೀನು ನಿಲ್ಲಬಹುದು. ಗಂಡಸೇ ಆಗಬೇಕೆಂದಿಲ್ಲ, ನೆಂಟರೇ ಆಗಬೇಕೆಂದಿಲ್ಲ. ಆ ಪುಟವನ್ನು ಪ್ರತಿ ಮಾಡಿಸಿ ಕಳಿಸಿದ್ದೇನೆ. ನಾನೇ ಸಹಿ ಹಾಕುತ್ತಿದ್ದೆ ಚೂಟಿ, ಆದರೆ ಸ್ವಂತ ಆದಾಯ ಅಂತ ನನಗೇನಿದೆ?

ಅತ್ತಿಗೆ


ಮಾರ್ಚ್ ೧೬

ಅತ್ತಿಗೆ, ನನ್ನ ಅತ್ತಿಗೆ,

ನಾಲಿಗೆಯನ್ನು ಕತ್ತರಿಸಿಕೊಳ್ಳೋಣವೆಂದರೆ ನಮ್ಮಲ್ಲಿ ಇನ್ನೂ ಕೈಚಾಕುವೇ ಇರುವುದು, ಬಹಳ ಹೊತ್ತು ಹಿಡಿಯುತ್ತದೆ. ಮಾರ್ಚ್ ಮೂರರ ಕಾಗದವನ್ನು ಸುಟ್ಟುಹಾಕಿ. ಅದನ್ನು ಬರೆದವಳು ನಾನಲ್ಲ ಅನ್ನುವ ಹಾಗಿಲ್ಲ. ನಾನೇ. ನಾಚಿಕೆಯಾಗುತ್ತಿದೆ. ನಿಮ್ಮ ಅಂಗಡಿ ಮುಚ್ಚಿದಾಗ ನಾನು ಒಂದು ಸಲವಾದರೂ ಬಂದು ಪಕ್ಕದಲ್ಲಿ ಕೂತು ಏನಾಯಿತು ಅಂತ ಕೇಳಬೇಕಿತ್ತು. ಕೇಳಲಿಲ್ಲ.

ಇನ್ನೊಂದು ತಪ್ಪೊಪ್ಪಿಗೆ ಇದೆ. ಸಾಲ ಕೈತಪ್ಪಿದ್ದು ಸಹಿ ಇಲ್ಲದ್ದಕ್ಕಲ್ಲ. ನಿಮ್ಮ ಮೇಲೆ ಹಾಕಿದರೆ ನನ್ನ ಮುಖ ಉಳಿಯುತ್ತದೆ ಅಂತ ಹಾಗೆ ಬರೆದೆ. ನಿಜ ಹೇಳುತ್ತೇನೆ, ನಗಬೇಡಿ.

ಬ್ಯಾಂಕಿನವರು ಬರುತ್ತಾರೆ ಅಂದರೆ ಮನೆಗೆ ದೊಡ್ಡವರು ಬರುತ್ತಾರೆ ಅಂತಲೇ ನಮಗೆ. ನಾಲ್ಕು ದಿನ ಎಲ್ಲ ಕೆಲಸ ಬಿಟ್ಟು ಜಾಗ ತೊಳೆದೆವು. ರಟ್ಟಿನ ಚೂರುಗಳನ್ನು ಮೂಟೆ ಕಟ್ಟಿ ಸಾಗಿಸಿದೆವು. ಮೇಜಿನ ಮೇಲಿದ್ದ ಒಂಬತ್ತು ವರ್ಷದ ಅಂಟನ್ನು ಗೋಂದಕ್ಕ ಕೆರೆದು ಕೆರೆದು ತೆಗೆದಳು. ತಯಾರಾಗಿದ್ದ ಮೂರು ಸಾವಿರ ಡಬ್ಬಿ ಕೋಣೆಯನ್ನು ಇಕ್ಕಟ್ಟು ಮಾಡುತ್ತವೆ ಅಂತ ಪಕ್ಕದ ಡ್ರೈವಿಂಗ್ ಸ್ಕೂಲಿನ ಶೆಡ್ಡಿಗೆ ಹೊತ್ತು ಹಾಕಿದೆವು. ಗಲಾಟೆ ಬೇಡವೆಂದು ಉಳಿದ ನಾಲ್ಕೂ ಜನಕ್ಕೆ ರಜೆ ಕೊಟ್ಟೆ. ಕತ್ತರಿಸುವ ಮೇಜಿಗೆ ಹೂವಿನ ಬಟ್ಟೆ ಹಾಸಿ ಹೂದಾನಿ ಇಟ್ಟೆ. ಗೋಂದಕ್ಕನೂ ನಾನೂ ಒಳ್ಳೆಯ ಸೀರೆ ಉಟ್ಟು ಎರಡು ಕುರ್ಚಿಯಲ್ಲಿ ಕೈಕಟ್ಟಿ ಕೂತೆವು.

ಅವರು ಚಹಾ ಕುಡಿದು, ಹೊಗಳಿ, ಹೋಗಿ ವರದಿ ಬರೆದರು. ಅದನ್ನು ಹಾಗೇ ಇಲ್ಲಿ ಬರೆಯುತ್ತೇನೆ: "ಸ್ಥಳವು ಸ್ವಚ್ಛವಾದ ವಾಸದ ಮನೆಯಂತಿದೆ. ತಯಾರಿಕೆ ನಡೆಯುತ್ತಿರುವ ಯಾವ ಲಕ್ಷಣವೂ ಕಾಣಲಿಲ್ಲ. ಇಬ್ಬರು ಮಹಿಳೆಯರು ಅತಿಥಿ ಸತ್ಕಾರದಲ್ಲಿ ನಿರತರಾಗಿದ್ದರು."

ಒಂಬತ್ತು ವರ್ಷದ ದುಡಿಮೆಯನ್ನು ನಾವೇ ಗುಡಿಸಿ ಹೊರಗೆ ಹಾಕಿದೆವು ಅತ್ತಿಗೆ. ಗೋಂದಕ್ಕ ಊಟ ಬಿಟ್ಟಿದ್ದಾಳೆ. ಬೇಕರಿಯವರು ಏಪ್ರಿಲ್ ಹದಿನೈದರವರೆಗೆ ಕಾಯುತ್ತಾರಂತೆ. ಆಮೇಲೆ ಬೇರೆಯವರನ್ನು ನೋಡಿಕೊಳ್ಳುತ್ತಾರೆ.

ನಿಮ್ಮ ಚೂಟಿ


ಮಾರ್ಚ್ ೨೨

ಚೂಟಿ,

ನಗಬೇಡಿ ಅಂದೆ. ಹೊಟ್ಟೆ ಹಿಡಿದುಕೊಂಡು ನಕ್ಕೆ. ನಿಮ್ಮಣ್ಣ ಓಡಿ ಬಂದು ಬೆನ್ನು ತಟ್ಟಿ ನೀರು ಕುಡಿಸಿದರು. ಯಾಕೆ ಅಂತ ಕೇಳಿದರು. ಏನೋ ಹಳೆಯದು ನೆನಪಾಯಿತು ಅಂದೆ.

ಈಗ ಕೇಳು. ಗಂಡಸರ ಕಾರ್ಖಾನೆಯಾಗಿದ್ದರೆ ಬಾಗಿಲಲ್ಲೇ ಎಣ್ಣೆ ಡಬ್ಬ ಎಡವಿ ಬೀಳುತ್ತಿದ್ದರು, ಆ ಉದ್ದನೆಯವರು. ಬಿದ್ದು ಎದ್ದು, ವ್ಯಾಪಾರ ಜೋರಾಗಿದೆ ಅಂತ ಬರೆಯುತ್ತಿದ್ದರು. ನಾವೋ, ಯಾರು ಬಂದರೂ ಮೊದಲು ಪೊರಕೆ ಹಿಡಿಯುತ್ತೇವೆ. ಕೈಕೆಲಸವನ್ನು ಸೆರಗಿನಲ್ಲಿ ಮುಚ್ಚಿಡುತ್ತೇವೆ. ನನ್ನ ಅಂಗಡಿಯಲ್ಲೂ ಗಿರಾಕಿ ಬಂದಾಗ ಬಟ್ಟೆಯ ಚೂರುಗಳನ್ನು ಕಾಲಿನಿಂದ ಮಷೀನಿನಡಿಗೆ ತಳ್ಳುತ್ತಿದ್ದೆ.

ಇಪ್ಪತ್ತೆರಡನೇ ಪುಟ: ಅರ್ಜಿ ತಿರಸ್ಕಾರವಾದರೆ ಅರವತ್ತು ದಿನದೊಳಗೆ ಮರುತಪಾಸಣೆ ಕೇಳಬಹುದು. ಹೋಗಿ ಕೇಳು. ತಾರೀಕು ಗೊತ್ತು ಮಾಡಬೇಡ, ಕೆಲಸ ಜೋರಿರುವ ದಿನ ನೀನೇ ಹೋಗಿ ಕೈಹಿಡಿದು ಕರೆದುಕೊಂಡು ಬಾ. ಗೋಂದಕ್ಕನ ಪೊರಕೆಯನ್ನು ಆ ಡ್ರೈವಿಂಗ್ ಸ್ಕೂಲಿನ ಶೆಡ್ಡಿನಲ್ಲಿ ಬಚ್ಚಿಡು.

ಅಂದ ಹಾಗೆ, ಆ ಸ್ಕೂಲು ನಡೆಸುವವರು ಯಾರು? ಅವರಿಗೆ ಸ್ವಂತ ಆದಾಯ ಇರಬೇಕಲ್ಲ?

ಅತ್ತಿಗೆ


ಏಪ್ರಿಲ್ ೧೨

ಅತ್ತಿಗೆ!

ಸಿಕ್ಕಿತು! ಮೊದಲು ಅದನ್ನು ಬರೆದುಬಿಟ್ಟೆ. ಈಗ ಉಸಿರು ತೆಗೆದುಕೊಂಡು ಹೇಳುತ್ತೇನೆ.

ಔಷಧಿ ಅಂಗಡಿಯವರಿಗೆ ಸಾವಿರದೈನೂರು ಡಬ್ಬಿ ಕೊಡಬೇಕಿದ್ದ ದಿನ, ಕೈಗೆ ಅಂಟು ಮೆತ್ತಿಕೊಂಡೇ ಬ್ಯಾಂಕಿಗೆ ನುಗ್ಗಿದೆ. ಉದ್ದನೆಯವರ ಮುಂದೆ ನಿಂತು, "ಸಾರ್, ನೀವು ಬರೆದಿದ್ದು ನಿಜ. ಅವತ್ತು ವ್ಯಾಪಾರ ಕಾಣಲಿಲ್ಲ, ಯಾಕಂದ್ರೆ ನಾವೇ ಬಚ್ಚಿಟ್ಟಿದ್ವಿ. ಈಗಲೇ ಬನ್ನಿ. ನಾನು ಮುಂಚೆ ಹೋಗಿ ಯಾರಿಗೂ ಹೇಳಲ್ಲ, ನಿಮ್ಮ ಜೊತೇನೇ ಬರ್ತೀನಿ" ಅಂದೆ. ಬಚ್ಚಿಟ್ಟ ಕತೆಯನ್ನು ಪೂರ್ತಿ ಕೇಳಿ ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಬಂದರು.

ನೆಲ ಕಾಣದಷ್ಟು ರಟ್ಟಿನ ಚೂರು. ಐದೂ ಜನ ಒಬ್ಬರ ಮೇಲೊಬ್ಬರು ಕೂಗಾಡುತ್ತಿದ್ದಾರೆ. ಕೂರಲು ಕುರ್ಚಿಯಿಲ್ಲ, ಕುರ್ಚಿಯ ಮೇಲೂ ಡಬ್ಬಿ. ಅವರು ಪಾಪ, ಗೋಡೆ ಬದಿಯ ಒಂದು ರಾಶಿಯ ಮೇಲೆ ಮೆಲ್ಲಗೆ ಕೂತರು. ಗೋಂದಕ್ಕ ಕಿರುಚಿದಳು. ಅದು ಆಗಷ್ಟೇ ಅಂಟು ಹಚ್ಚಿದ ರಾಶಿ.

ಅವರು ಏಳಲು ಹೊರಟರು.

"ಏಳ್ಬೇಡಿ ಸಾರ್! ಏಳ್ಬೇಡಿ!" ಅಂದಳು ಗೋಂದಕ್ಕ. "ಈಗ ಎದ್ರೆ ಪ್ಯಾಂಟು ಇಲ್ಲೇ ಉಳಿಯುತ್ತೆ. ನಾನು ಬಿಸಿನೀರು ತರ್ತೀನಿ, ಇಪ್ಪತ್ತು ನಿಮಿಷ ಅಲ್ಲಾಡ್ಬೇಡಿ."

ಇಪ್ಪತ್ತು ನಿಮಿಷ ಅವರು ಅಲ್ಲಾಡಲಿಲ್ಲ. ಅಷ್ಟರಲ್ಲಿ ಔಷಧಿ ಅಂಗಡಿಯ ಗಾಡಿ ಬಂತು. ಎರಡು ಹೊಸ ಆರ್ಡರಿನ ಫೋನು ಬಂತು. ಒಬ್ಬ ಸ್ವೀಟಿನಂಗಡಿಯವರು ಡಬ್ಬಿ ಚಿಕ್ಕದಾಯಿತು ಅಂತ ನನ್ನ ಜೊತೆ ಜಗಳ ಆಡಿ, ಸೋತು, ಮುಂಗಡ ಕೊಟ್ಟು ಹೋದರು. ಇವರು ಕೂತಲ್ಲೇ ಎಲ್ಲ ಬರೆದುಕೊಂಡರು. ಗೋಂದಕ್ಕ ಬಿಸಿನೀರಿನ ಬಟ್ಟೆ ಒತ್ತಿ ಬಿಡಿಸಿದ ಮೇಲೆ ಎದ್ದು, "ಇಷ್ಟು ಚೆನ್ನಾಗಿ ಅಂಟೋ ಡಬ್ಬಿಗೆ ಸಾಲ ಕೊಡದೆ ಇರಕ್ಕಾಗುತ್ತಾ?" ಅಂದರು.

ಜಾಮೀನಿಗೆ ಡ್ರೈವಿಂಗ್ ಸ್ಕೂಲಿನ ಮೇಡಂ ಬಂದರು. ಕೇಳಲು ನನಗೆ ಸಂಕೋಚ. ಅವರೇ, "ಇದೇನು ದೊಡ್ಡ ವಿಷಯ" ಅಂದರು. ಸಾಲದ ಮೇಜಿನವರು ಮತ್ತೆ ಗಂಡಸರ ರಾಗ ತೆಗೆದರು. ನಿಮ್ಮ ಹತ್ತೊಂಬತ್ತನೇ ಪುಟವನ್ನು ಮೇಜಿನ ಮೇಲೆ ಹರಡಿದೆ. ಅವರು ಓದಿದರು, ಮತ್ತೆ ಓದಿದರು, "ಇದು ಇಲ್ಲೇ ಇತ್ತಾ?" ಅಂದರು. ಹದಿನಾಲ್ಕು ವರ್ಷದಿಂದ ಆ ಮೇಜಿನಲ್ಲಿದ್ದಾರಂತೆ.

"ಅದೆಲ್ಲ ಸರಿ, ಇವರು ಕಟ್ಟದಿದ್ರೆ ನಿಮಗೆ ಭಯ ಇಲ್ವಾ?" ಅಂತ ಮೇಡಂ ಅವರನ್ನು ಕೇಳಿದರು.

"ಇಪ್ಪತ್ತು ವರ್ಷದಿಂದ ಗಾಡಿ ಓಡಿಸಕ್ಕೆ ಬರದೇ ಇರೋರ ಪಕ್ಕ ಕೂತಿದ್ದೀನಿ. ಇವಳಿಗೆ ಗಾಡಿ ಬರುತ್ತೆ" ಅಂದರು ಮೇಡಂ. ಸಹಿ ಹಾಕಿದರು.

ಮಷೀನು ಇಪ್ಪತ್ತಾರಕ್ಕೆ ಬರುತ್ತದೆ. ಬೇಕರಿಯವರಿಗೆ ಹೇಳಿಯಾಯಿತು. ಅತ್ತಿಗೆ, ಆ ಪುಸ್ತಕವನ್ನು ನೀವು ಓದದಿದ್ದರೆ ನನ್ನ ಬಾಗಿಲಿಗೆ ಈಗ ಬೀಗ ಬಿದ್ದಿರುತ್ತಿತ್ತು.

ಚೂಟಿ


ಆಗಸ್ಟ್ ೧೯

ಅತ್ತಿಗೆ,

ನಾಲ್ಕು ತಿಂಗಳಿಂದ ಎರಡು ಸಾಲು ಬರೆಯಲೂ ಆಗಲಿಲ್ಲ, ಬೈಯಬೇಡಿ. ಮಷೀನು ಧಡ್ ಅಂದರೆ ಒಂದು ಡಬ್ಬಿ. ದಿನವಿಡೀ ಧಡ್ ಧಡ್. ಮೇಡಂನ ವಿದ್ಯಾರ್ಥಿಗಳು ಆ ಸದ್ದಿಗೆ ಬೆಚ್ಚಿ ಬ್ರೇಕು ಒತ್ತುತ್ತಾರಂತೆ. ಕಳೆದ ತಿಂಗಳು ಇಪ್ಪತ್ಮೂರು ಸಾವಿರ ಡಬ್ಬಿ ಕಳಿಸಿದೆವು. ಇನ್ನಿಬ್ಬರು ಹೆಂಗಸರನ್ನು ಕೆಲಸಕ್ಕೆ ತೆಗೆದುಕೊಂಡೆ. ಕಂತು ಒಂದು ದಿನವೂ ತಪ್ಪಿಲ್ಲ. ಜೂನಿನಲ್ಲಿ ಮಾತ್ರ ಆರುನೂರು ಡಬ್ಬಿಗೆ ಮುಚ್ಚಳ ತಲೆಕೆಳಗಾಗಿ ಅಂಟಿಸಿದೆವು. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಇಷ್ಟೆಲ್ಲ ಬರೆದು ಒಂದು ಕೇಳುತ್ತೇನೆ. ಸುಮ್ಮನಲ್ಲ, ಉತ್ತರ ಬೇಕು ಅಂತಲೇ ಕೇಳುತ್ತಿದ್ದೇನೆ. ನಿಮ್ಮ ನಾಲ್ಕು ಮಷೀನು ಇನ್ನೂ ಅಟ್ಟದ ಮೇಲೇ ಇವೆಯಾ?

ಚೂಟಿ


ಅಕ್ಟೋಬರ್ ೬

ಚೂಟಿ,

ನಿನ್ನ ಪ್ರಶ್ನೆಗೆ ಉತ್ತರ ಬರೆಯಲು ಏಳು ವಾರ ಬೇಕಾಯಿತು. ನೀನು ಸಿಟ್ಟಾಗಿದ್ದೀಯೋ ಏನೋ. ನಾನು ಬರೆಯಲು ಕೂತಾಗಲೆಲ್ಲ, ಬರೆಯುವ ಮೊದಲು ಇದನ್ನು ಹೇಳಬೇಕಾದವರಿಗೆ ಹೇಳಬೇಕು ಅನ್ನಿಸುತ್ತಿತ್ತು.

ಕೊನೆಗೆ ಮಾರ್ಚ್ ತಿಂಗಳಲ್ಲಿ ನಿನಗೆ ಬರೆದದ್ದನ್ನೆಲ್ಲ ನಿಮ್ಮಣ್ಣನಿಗೆ ಬಾಯಿಬಿಟ್ಟು ಹೇಳಿದೆ. ಊಟ ಅರ್ಧಕ್ಕೆ ನಿಂತಿತು.

"ಅವರೆಲ್ಲ ನನ್ನನ್ನ ನೋಡಿ ವಾಪಸ್ ಹೋಗ್ತಿದ್ರಾ?" ಅಂದರು.

"ಹೌದು."

"ನೀನ್ಯಾಕೆ ಅವತ್ತೇ ಹೇಳಲಿಲ್ಲ?"

"ನೀವು ಅಷ್ಟು ಖುಷಿಯಾಗಿ ಕೂತಿದ್ರಿ. ಏಳಿ ಅನ್ನೋಕೆ ಬಾಯಿ ಬರಲಿಲ್ಲ."

ಎರಡು ದಿನ ಮನೆಯಲ್ಲಿ ಸ್ಪೀಕರು ಬಂದ್. ಮೂರನೇ ದಿನ ಬೆಳಿಗ್ಗೆ ಮೇಲೆ ದಡಬಡ ಸದ್ದು. ಹೋಗಿ ನೋಡಿದರೆ ಅಟ್ಟದಿಂದ ಒಬ್ಬರೇ ಮಷೀನು ಇಳಿಸುತ್ತಿದ್ದಾರೆ, ಮೈತುಂಬ ಧೂಳು. ನಾಲ್ಕನ್ನೂ ಇಳಿಸಿ ಸೊಂಟ ಹಿಡಿದುಕೊಂಡು ಮಲಗಿದರು. ಈಗಲೂ ಬೆನ್ನು ಬಗ್ಗಿಸಿ ನಡೆಯುತ್ತಾರೆ. ಎರಡು ಮಷೀನು ಹೊಲಿಯುತ್ತವೆ, ಎರಡು ತುಕ್ಕು ಹಿಡಿದಿವೆ. ಹಿಂದಿನ ಬೀದಿಯಲ್ಲಿ ಒಂದು ಕೋಣೆ ನೋಡಿದ್ದೇನೆ. ಹೊಸ ಮಷೀನಿಗೆ, ಬಟ್ಟೆಗೆ, ಮುಂಗಡಕ್ಕೆ ಸಾಲ ಬೇಕು. ನಿನ್ನ ಬ್ಯಾಂಕಿನದೇ ಇಲ್ಲಿನ ಶಾಖೆಯಲ್ಲಿ ಅರ್ಜಿ ಹಾಕಿದ್ದೇನೆ.

"ಜಾಮೀನು ನಾನು ಹಾಕ್ತೀನಿ. ಹಾಕಿ ದೂರ ಇರ್ತೀನಿ, ಆಣೆ" ಅಂದರು ನಿಮ್ಮಣ್ಣ. ಅವರ ಮುಖ ನೋಡಿದರೆ ಅಯ್ಯೋ ಅನ್ನಿಸಿತು. ಆದರೂ ಬೇಡ ಅಂದೆ. ನನ್ನ ನಾದಿನಿಯನ್ನು ಕೇಳುತ್ತೇನೆ ಅಂದೆ.

"ಅವಳೇ ಸಾಲದಲ್ಲಿದ್ದಾಳೆ, ಅವಳ ಸಹಿನ ಬ್ಯಾಂಕಲ್ಲಿ ಒಪ್ತಾರಾ?" ಅಂತ ಕೇಳಿದರು. ಕುಹಕವಲ್ಲ, ನಿಜವಾಗಿಯೂ ಗೊತ್ತಿಲ್ಲದೆ ಕೇಳಿದರು. ನನಗೂ ಗೊತ್ತಿಲ್ಲ. ಪುಸ್ತಕದಲ್ಲಿ ಇದರ ಬಗ್ಗೆ ಸ್ಪಷ್ಟವಾಗಿಲ್ಲ.

ಫಾರಂ ಲಗತ್ತಿಸಿದ್ದೇನೆ. ನಿನ್ನ ಮಷೀನಿನ ಕಂತು ಇನ್ನೂ ಬಾಕಿ ಇದೆ. ಎಂಟು ಜನರ ಸಂಬಳ ನಿನ್ನ ತಲೆಯ ಮೇಲಿದೆ. ನಾನು ಒಂದು ಸಲ ಸೋತವಳು. ಆಗುವುದಿಲ್ಲ ಅಂದರೆ ಒಂದು ಚೂರೂ ಬೇಜಾರಿಲ್ಲ. ಆದರೆ ನನ್ನ ಹಾಗೆ ಎಂಟು ವಾರ ಮಾಡಬೇಡ, ತಕ್ಷಣ ಹೇಳಿಬಿಡು.

ಅತ್ತಿಗೆ


ಅಕ್ಟೋಬರ್ ೧೧

ಅತ್ತಿಗೆ,

ನಿಮ್ಮ ಕಾಗದ ಬಂದದ್ದು ಬೆಳಿಗ್ಗೆ ಹತ್ತಕ್ಕೆ. ಹತ್ತೂವರೆಗೆ ಬ್ಯಾಂಕಿನಲ್ಲಿದ್ದೆ. ಮಷೀನು ನಿಲ್ಲಿಸದೆ ಬಂದೆ.

ಅದೇ ಸಾಲದ ಮೇಜು, ಅದೇ ಮನುಷ್ಯ. ಫಾರಂ ಓದಿ ತಲೆಯೆತ್ತಿದರು. "ನೀವು ಜಾಮೀನು ಕೇಳಕ್ಕೆ ಬಂದಿದ್ದೀರಾ?" ಅಂದರು.

"ಅಲ್ಲ ಸಾರ್, ಕೊಡಕ್ಕೆ ಬಂದಿದ್ದೀನಿ."

ಕಂಪ್ಯೂಟರಿನಲ್ಲಿ ನನ್ನ ಲೆಕ್ಕ ತೆಗೆದರು. ಕಂತುಗಳನ್ನು ನೋಡಿದರು. ಬೇಕರಿಯಿಂದ ಬರುವ ಹಣ ನೋಡಿದರು. ಒಳಗೆ ಹೋಗಿ ಮ್ಯಾನೇಜರನ್ನು ಕೇಳಿಕೊಂಡು ಬಂದರು. ಅಷ್ಟು ಹೊತ್ತು ನನ್ನ ಎದೆ ನಮ್ಮ ಮಷೀನಿನ ಹಾಗೆ ಹೊಡೆದುಕೊಳ್ಳುತ್ತಿತ್ತು. ನನಗಾಗಿ ಕ್ಯೂನಲ್ಲಿ ನಿಂತಾಗಲೂ ಇಷ್ಟು ಹೆದರಿರಲಿಲ್ಲ.

"ಆಯ್ತಮ್ಮಾ, ನಿಮ್ಮ ಸಹಿ ಸಾಕು" ಅಂದರು. ಪೆನ್ನು ಮುಂದೆ ಮಾಡಿ, ಅಭ್ಯಾಸದಂತೆ ಕೇಳಿದರು. "ಇವರು ಮುಂಚೆ ಒಂದು ಅಂಗಡಿ ಇಟ್ಟು ಮುಚ್ಚಿದ್ದಾರೆ ಅಂತಿದೆಯಲ್ಲ. ಈ ಸಲ ಅರ್ಧಕ್ಕೆ ಬಿಟ್ರೆ ಕಟ್ಟೋರು ನೀವೇ. ಗೊತ್ತಲ್ಲ?"

ಅರ್ಧಕ್ಕೆ ಬಿಟ್ಟವರು ಅಂತ ನಿಮಗೆ ಬರೆದ ಕೈಯೇ ಆ ಪೆನ್ನು ಹಿಡಿದಿತ್ತು. ಮೇಜಿನ ಮುಂದೆ, ಅಷ್ಟು ಜನರ ನಡುವೆ, ಸಣ್ಣ ಮಗುವಿನ ಹಾಗೆ ಅತ್ತುಬಿಟ್ಟೆ. ಅವರು ಗಾಬರಿಯಾಗಿ, "ಬೇಡ ಅನ್ಸಿದ್ರೆ ಬೇಡಮ್ಮಾ, ಬಲವಂತ ಇಲ್ಲ" ಅಂದರು.

"ಅವರು ಬಿಡೋರಲ್ಲ ಸಾರ್" ಅಂದೆ. ಮೂರು ಕಡೆ ಸಹಿ ಹಾಕಿದೆ. ಒಂದೂ ಅಲ್ಲಾಡಲಿಲ್ಲ.

ಫಾರಂ ಇದರ ಜೊತೆಗಿದೆ. ಅಣ್ಣನ ಸೊಂಟಕ್ಕೆ ಬಿಸಿನೀರಿನ ಶಾಖ ಕೊಡಿ. ನೀವು ನಾಳೆಯೇ ಹೋಗಿ ಆ ಕೋಣೆಯ ಬೀಗದ ಕೈ ಈಸಿಕೊಳ್ಳಿ.

ಚೂಟಿ